ಸೆಲ್ಲೂ ಉಸಿರಾಡುತ್ತದೆ: ಕಿವಿ ಮಷಿನ್ ಬಗ್ಗೆ ನಿಮ್ಮ ಪ್ರಶ್ನೆಗಳು

ಮಳೆಗಾಲ ಶುರುವಾದ ಮೇಲೆ ಈ ಅಂಕಣಕ್ಕೆ ಬಂದ ಪತ್ರಗಳಲ್ಲಿ ಅರ್ಧಕ್ಕಿಂತ ಜಾಸ್ತಿ ಒಂದೇ ವಿಷಯದ್ದು. ಕಿವಿ ಮಷಿನ್ ನಿಂತುಹೋಯಿತು, ಸೆಲ್ ಬಾಳಿಕೆ ಬರುತ್ತಿಲ್ಲ, ಒಳಗೆ ಬಿಳಿ ಪುಡಿ ಕಾಣುತ್ತಿದೆ, ಏನು ಮಾಡಲಿ? ಬೆಳಗಾವಿಯಲ್ಲಿ ಆಡಿಯಾಲಜಿಸ್ಟ್ ಆಗಿ ಇಪ್ಪತ್ತು ವರ್ಷದಿಂದ ಇದೇ ಕೆಲಸ ಮಾಡುತ್ತಿದ್ದೇನೆ. ಮನೆಯಲ್ಲಿ ನಮ್ಮ ಅವ್ವನೂ ಎರಡೂ ಕಿವಿಗೆ ಮಷಿನ್ ಹಾಕುತ್ತಾಳೆ. ಹಾಗಾಗಿ ಈ ಸಲದ ಪುಟ ಪೂರ್ತಿ ಇದಕ್ಕೇ ಇಟ್ಟಿದ್ದೇನೆ. ಶ್ರವಣ ಸಾಧನ ಅಂತ ಬರೆಯುವುದಿಲ್ಲ, ನೀವೆಲ್ಲ ಕರೆಯುವ ಹಾಗೆ ಕಿವಿ ಮಷಿನ್ ಅಂತಲೇ ಬರೆಯುತ್ತೇನೆ. ಬ್ಯಾಟರಿಗೂ ಸೆಲ್ ಅಂತಲೇ.

ಖಾನಾಪುರ ತಾಲ್ಲೂಕಿನಿಂದ ಒಬ್ಬ ಸೊಸೆ: ಅಕ್ಕಾವ್ರೇ, ನಮ್ಮ ಮಾವನವರಿಗೆ ಎಪ್ಪತ್ತೆಂಟು ವರ್ಷ. ಕಿವಿ ಹಿಂದೆ ಹಾಕುವ ಮಷಿನ್ ಇದೆ, ಕಿತ್ತಳೆ ಬಣ್ಣದ ಸ್ಟಿಕ್ಕರಿನ ಸೆಲ್. ಬೇಸಿಗೆಯಲ್ಲಿ ಹತ್ತು-ಹನ್ನೆರಡು ದಿನ ಬರುತ್ತಿತ್ತು. ಈಗ ಮೂರ್ನಾಲ್ಕು ದಿನಕ್ಕೇ ಮುಗಿಯುತ್ತದೆ. ಮೊನ್ನೆ ಮಷಿನ್ನಿನ ಸೆಲ್ ಬಾಗಿಲು ತೆಗೆದು ನೋಡಿದರೆ ಸೆಲ್ ಮೇಲೆ ಬಿಳಿ ಪುಡಿ. ಫೋನ್ ನೆನೆದಾಗ ಮಾಡುತ್ತಾರಲ್ಲ, ಹಾಗೆ ಮಷಿನ್ನನ್ನು ಅಕ್ಕಿ ಡಬ್ಬಿಯಲ್ಲಿ ಹೂತಿಟ್ಟೆ. ಮಾವನವರು "ಬಿಡವ್ವ ಸಾಕು, ಇನ್ನ ಕೇಳಿ ಏನ್ ಮಾಡೋದೈತಿ" ಅಂತಾರೆ. ನನಗೆ ಅದೇ ಸಂಕಟ.

ತಂಗಿ, ಮೊದಲು ಮಷಿನ್ನನ್ನು ಅಕ್ಕಿಯಿಂದ ಹೊರಗೆ ತೆಗೆ. ಅಕ್ಕಿ ತೇವ ಹೀರುವುದು ಕಡಿಮೆ, ಅದರ ಹಿಟ್ಟಿನ ಧೂಳು ಮಾತ್ರ ಮೈಕಿನ ಸಣ್ಣ ತೂತಿನೊಳಗೆ ಹೋಗಿ ಕೂರುತ್ತದೆ. ಒಂದು ತೊಂದರೆಗೆ ಇನ್ನೊಂದು ಸೇರಿಸಿದ ಹಾಗೆ.

ಈಗ ಸೆಲ್ಲಿನ ವಿಷಯ. ಸ್ವಲ್ಪ ಉದ್ದ ಹೇಳುತ್ತೇನೆ, ಯಾಕಂದರೆ ಇದು ಗೊತ್ತಾದರೆ ಉಳಿದದ್ದೆಲ್ಲ ತಾನಾಗೇ ತಿಳಿಯುತ್ತದೆ. ಸ್ಟಿಕ್ಕರ್ ಇರುವ ಕಿವಿ ಮಷಿನ್ ಸೆಲ್ ಅಂದರೆ ಜಿಂಕ್-ಏರ್ ಸೆಲ್. ಒಳಗೆ ಸತುವಿನ ಪುಡಿ ಇರುತ್ತದೆ, ಪೊಟ್ಯಾಶಿಯಂ ಹೈಡ್ರಾಕ್ಸೈಡ್ ಎಂಬ ಕ್ಷಾರದ ನೀರಿನಲ್ಲಿ ಕಲಸಿ ಇಟ್ಟದ್ದು. ಉಳಿದ ಸೆಲ್ಲುಗಳಿಗೆ ಬೇಕಾದ ಎಲ್ಲವೂ ಒಳಗೇ ಇರುತ್ತದೆ. ಇದಕ್ಕೆ ಹಾಗಲ್ಲ. ಇದಕ್ಕೆ ಹೊರಗಿನ ಗಾಳಿ ಬೇಕು. ಸ್ಟಿಕ್ಕರ್ ಕಿತ್ತ ಕಡೆ ಕಣ್ಣು ಹತ್ತಿರ ಇಟ್ಟು ನೋಡು, ಸೂಜಿ ಮೊನೆಯಷ್ಟು ತೂತು ಕಾಣುತ್ತವೆ. ಅಲ್ಲಿಂದ ಗಾಳಿ ಒಳಗೆ ಹೋಗಿ, ಗಾಳಿಯ ಆಮ್ಲಜನಕ ಸತುವಿಗೆ ಸೇರಿದಾಗಲೇ ಕರೆಂಟ್ ಹುಟ್ಟುವುದು. ಅಂದರೆ ಸೆಲ್ ಉಸಿರಾಡುತ್ತದೆ. ಉಸಿರಾಡುವುದು ಯಾವ ಗಾಳಿಯನ್ನು ಅನ್ನುವುದರ ಮೇಲೆ ಅದರ ಆಯುಷ್ಯ.

ಖಾನಾಪುರದ ಕಡೆ ಜೂನ್ ಜುಲೈನಲ್ಲಿ ಹೇಗಿರುತ್ತದೆ ಅಂತ ನಿನಗೇ ಗೊತ್ತು. ಹಗ್ಗದ ಮೇಲೆ ಹಾಕಿದ ಸೀರೆ ಮೂರು ದಿನವಾದರೂ ಹಸಿ ಹಸಿ. ಹಪ್ಪಳ ಮೆತ್ತಗೆ. ಅದೇ ಗಾಳಿಯನ್ನೇ ಸೆಲ್ ಒಳಗೆ ಎಳೆದುಕೊಳ್ಳುತ್ತದೆ. ಒಳಗಿನ ಕ್ಷಾರಕ್ಕೆ ನೀರು ಎಳೆಯುವ ಗುಣ ಇದೆ. ನೀರು ಸೇರುತ್ತಾ ಹೋದ ಹಾಗೆ ಕ್ಷಾರ ತೆಳ್ಳಗಾಗುತ್ತದೆ, ಜಾಗ ಸಾಲದೆ ಸೆಲ್ ಉಬ್ಬುತ್ತದೆ, ಕೊನೆಗೆ ಸೋರುತ್ತದೆ. ಸೋರಿದ ಕ್ಷಾರ ಗಾಳಿಯ ಇಂಗಾಲದ ಡೈಆಕ್ಸೈಡ್ ಜೊತೆ ಸೇರಿ ಬಿಳಿ ಪುಡಿಯಾಗುತ್ತದೆ. ನೀನು ಕಂಡದ್ದು ಅದೇ. ನನ್ನ ಮೇಜಿನ ಮೇಲೆ ಇಂಥ ಮಷಿನ್ ದಿನಾ ಬರುತ್ತವೆ. ಬಾಗಿಲು ತೆರೆದರೆ ಹಳೆ ಗೋಡೆಗೆ ಸವಳು ಏರಿದ ಹಾಗೆ ಒಳಗೆಲ್ಲ ಬಿಳಿ, ಸೆಲ್ಲಿಗೆ ತಾಗುವ ಸಣ್ಣ ತಗಡಿನ ಮೂಲೆಯಲ್ಲಿ ಹಸಿರು ಜಂಗು. ಆ ತಗಡು ಉಗುರಿನ ತುದಿಗಿಂತ ಚಿಕ್ಕದು. ಅದು ಹೋದರೆ ಇಡೀ ಮಷಿನ್ ಮೂಕ.

ಈಗ ಮಾಡಬೇಕಾದ್ದು. ಆ ಸೆಲ್ ತೆಗೆದು ಬಿಡು, ಮತ್ತೆ ಹಾಕಬೇಡ. ಉಬ್ಬಿ ಸಿಕ್ಕಿಹಾಕಿಕೊಂಡಿದ್ದರೆ ಪಿನ್ನಿನಿಂದ ಮೀಟಬೇಡ, ಬಾಗಿಲಿನ ಕೀಲು ಮುರಿಯುತ್ತದೆ. ಬಾಗಿಲು ತೆರೆದು ಅಂಗೈ ಮೇಲೆ ಮೆಲ್ಲಗೆ ತಟ್ಟು. ಮಷಿನ್ ಜೊತೆ ಕೊಟ್ಟ ಸಣ್ಣ ಬ್ರಶ್ ಇದ್ದರೆ ಅದರ ಇನ್ನೊಂದು ತುದಿ ನೋಡು, ಬಹಳಷ್ಟು ಬ್ರಶ್ಶುಗಳಲ್ಲಿ ಅಲ್ಲಿ ಅಯಸ್ಕಾಂತ ಇರುತ್ತದೆ, ಅದಕ್ಕೆ ಸೆಲ್ ಅಂಟಿಕೊಂಡು ಹೊರಗೆ ಬರುತ್ತದೆ. ಒಳಗಿನ ಪುಡಿಯನ್ನು ಒಣ ಹತ್ತಿ ಕಡ್ಡಿಯಿಂದ ಒರೆಸು. ನೀರು ಬೇಡ, ಉಗುಳು ಬೇಡ, ಸೀಮೆಎಣ್ಣೆಯಂತೂ ಬೇಡವೇ ಬೇಡ. ಕೈ ಸೋಪು ಹಚ್ಚಿ ತೊಳೆದುಕೋ, ಅದು ಕ್ಷಾರ, ಅದೇ ಕೈಯಿಂದ ಕಣ್ಣು ಉಜ್ಜಬೇಡ. ಹಸಿರು ಜಂಗು ಕಂಡರೆ ನೀನೇ ಕೆರೆಯಲು ಹೋಗಬೇಡ, ಮಷಿನ್ ತೆಗೆದುಕೊಂಡ ಕಡೆಗೇ ಒಯ್ಯಿ. ಆ ತಗಡು ಮೇಲೆ ಲೇಪ ಇರುತ್ತದೆ, ಕೆರೆದರೆ ಲೇಪ ಹೋಗಿ ಜಂಗು ಮತ್ತೂ ಬೇಗ ಹಿಡಿಯುತ್ತದೆ.

ಇನ್ನು ದಿನಾ ರಾತ್ರಿ. ಮಾವನವರು ಮಲಗುವ ಮುಂಚೆ ಮಷಿನ್ ತೆಗೆದು ಒಣ ಬಟ್ಟೆಯಿಂದ ಒರೆಸು. ಸೆಲ್ ಹೊರಗೆ ತೆಗೆ. ಸೆಲ್ಲನ್ನೂ ಒರೆಸು. ಮಷಿನ್ನಿನ ಬಾಗಿಲು ತೆರೆದೇ ಇರಲಿ, ಹಾಗೇ ಸಿಲಿಕಾ ಜೆಲ್ ಇರುವ ಬಿಗಿ ಮುಚ್ಚಳದ ಡಬ್ಬಿಯಲ್ಲಿಡು. ಹೊಸ ಬೂಟಿನ ಪೆಟ್ಟಿಗೆಯಲ್ಲಿ ಬರುವ ಸಣ್ಣ ಪುಡಿ ಚೀಲ ಅದೇ, ಆದರೆ ಹಳೆಯದಾಗಿದ್ದರೆ ಅದು ಆಗಲೇ ತೇವ ಕುಡಿದು ಸುಸ್ತಾಗಿರುತ್ತದೆ. ಬಣ್ಣ ಬದಲಿಸುವ ಜೆಲ್ ತಗೊ. ಕಿತ್ತಳೆ ಇದ್ದದ್ದು ಹಸಿರಾದರೆ, ಇಲ್ಲವೇ ನೀಲಿ ಇದ್ದದ್ದು ಗುಲಾಬಿಯಾದರೆ ಬದಲಿಸುವ ಹೊತ್ತು ಬಂತು ಅಂತ. ಮುಖ್ಯವಾದ ಮಾತು: ಡಬ್ಬಿ ಮಷಿನ್ನಿಗೆ, ಸೆಲ್ಲಿಗಲ್ಲ. ಸೆಲ್ಲನ್ನು ಬೇರೆ ಸಣ್ಣ ಪ್ಲಾಸ್ಟಿಕ್ ಡಬ್ಬಿಯಲ್ಲಿ ಕಪಾಟಿನಲ್ಲಿಡು. ಯಾಕೆ ಅಂತ ಕೆಳಗೆ ತಿಕೋಟಾದವರಿಗೆ ಹೇಳಿದ್ದೇನೆ, ಅದನ್ನೂ ಓದು.

ಮಾವನವರ ಮಾತಿನ ಬಗ್ಗೆ. "ಕೇಳಿ ಏನು ಮಾಡೋದು" ಅಂತ ಅವರು ಹೇಳುವುದು ಬೇಡ ಅಂತಲ್ಲ ತಂಗಿ. ನಾಲ್ಕು ದಿನಕ್ಕೊಂದು ಸೆಲ್ಲಿನ ಖರ್ಚು ನಿನ್ನ ಮೇಲೆ ಹಾಕುವುದಕ್ಕೆ ಅವರಿಗೆ ಮನಸ್ಸಿಲ್ಲ. ನಮ್ಮ ಅವ್ವನೂ ಇದೇ ಮಾತು ಹೇಳುತ್ತಿದ್ದಳು. ಸೆಲ್ ಮತ್ತೆ ಎಂಟು-ಹತ್ತು ದಿನ ಬರಲು ಶುರುವಾದರೆ ಆ ಮಾತು ತಾನಾಗೇ ಕಡಿಮೆಯಾಗುತ್ತದೆ, ನೋಡು.

ತಿಕೋಟಾದಿಂದ ನಿವೃತ್ತ ಶಿಕ್ಷಕರು: ನೀವು ಯಾವಾಗಲೂ ತೇವದ ಬಗ್ಗೆಯೇ ಬರೆಯುತ್ತೀರಿ. ನಮ್ಮ ವಿಜಯಪುರ ಕಡೆ ತೇವ ಎಲ್ಲಿದೆ? ಏಪ್ರಿಲ್ ಮೇ ತಿಂಗಳಲ್ಲಿ ಗಾಳಿ ಬೆಂಕಿ. ಆದರೂ ನನ್ನ ಸೆಲ್ ಒಂದು ವಾರವೂ ಬರುವುದಿಲ್ಲ. ಸೆಲ್ಲನ್ನು ತೇವ ಹತ್ತದ ಹಾಗೆ ರಾತ್ರಿ ಮಷಿನ್ ಜೊತೆಗೇ ಸಿಲಿಕಾ ಡಬ್ಬಿಯಲ್ಲಿ ಇಡುತ್ತೇನೆ. ಉಳಿದ ಸೆಲ್ ಪಟ್ಟಿಗಳನ್ನು ಫ್ರಿಜ್ಜಿನಲ್ಲಿ ಇಟ್ಟಿದ್ದೇನೆ. ಕಣ್ಣು ಮಂಜು, ಸ್ಟಿಕ್ಕರ್ ಕೀಳುವುದು ಕಷ್ಟ ಅಂತ ಮೊಮ್ಮಗನ ಕೈಲಿ ಆರೂ ಸೆಲ್ಲಿನ ಸ್ಟಿಕ್ಕರ್ ಒಮ್ಮೆಲೇ ಕೀಳಿಸಿ ಇಟ್ಟುಕೊಳ್ಳುತ್ತೇನೆ. ತಪ್ಪು ಎಲ್ಲಿ?

ಸರ್, ನಿಮ್ಮ ಪತ್ರ ಓದಿ ನಿಜಕ್ಕೂ ಸಂತೋಷವಾಯಿತು, ಎಲ್ಲವನ್ನೂ ಬಿಚ್ಚಿ ಬರೆದಿದ್ದೀರಿ. ತಪ್ಪು ಮೂರು ಕಡೆ ಇದೆ. ಮೂರಕ್ಕೂ ಬೇರು ಒಂದೇ.

ತಿಕೋಟಾದಲ್ಲಿ ದ್ರಾಕ್ಷಿ ಒಣಗಿಸುವ ಶೆಡ್ ನೀವು ಹುಟ್ಟಿದಾಗಿನಿಂದ ನೋಡಿದ್ದೀರಿ ಅಂದುಕೊಳ್ಳುತ್ತೇನೆ. ಬಲೆಯ ಮೇಲೆ ಹರಡಿದ ಹಸಿ ದ್ರಾಕ್ಷಿ ಎರಡು ವಾರದ ಸುಮಾರಿಗೆ ಒಣದ್ರಾಕ್ಷಿಯಾಗುತ್ತದೆ. ಬಿಸಿಲಿಗೂ ಹಿಡಿಯುವುದಿಲ್ಲ, ನೆರಳಿನಲ್ಲಿ ಬರೀ ಒಣ ಗಾಳಿ ಆಡಿಸಿದರೆ ಸಾಕು. ಒಣದ್ರಾಕ್ಷಿಗೆ ನಿಮ್ಮ ಗಾಳಿ ವರ. ಅದೇ ಗಾಳಿ ಸೆಲ್ಲಿನ ಸೂಜಿ ತೂತಿನಿಂದ ಒಳಗೆ ಆಡಿದರೆ? ಒಳಗಿನ ಕ್ಷಾರದಲ್ಲಿರುವ ನೀರು ಆರಿಹೋಗುತ್ತದೆ. ನೀರು ಆರಿದರೆ ಸತು ಉಳಿದಿದ್ದರೂ ಕರೆಂಟ್ ಹುಟ್ಟುವುದಿಲ್ಲ. ಖಾನಾಪುರದ ಸೆಲ್ ನೀರು ಕುಡಿದು ಸಾಯುತ್ತದೆ, ನಿಮ್ಮದು ನೀರಿಲ್ಲದೆ ಸಾಯುತ್ತದೆ. (ಇನ್ನೊಂದು ನೆನಪಾಯಿತು. ದ್ರಾಕ್ಷಿ ಒಣಗಿಸುವ ಮುಂಚೆ ಡಿಪ್ಪಿಂಗ್ ಆಯಿಲ್ ಜೊತೆ ನೀರಿಗೆ ಹಾಕುವ ಬಿಳಿ ಪುಡಿ ಇದೆಯಲ್ಲ, ಪೊಟ್ಯಾಶಿಯಂ ಕಾರ್ಬೋನೇಟ್, ಸೋರಿದ ಸೆಲ್ ಮೇಲೆ ಕಾಣುವ ಪುಡಿಯೂ ಅದೇ ಜಾತಿಯದು.)

ಈಗ ಸಿಲಿಕಾ ಡಬ್ಬಿ. ಅದರ ಕೆಲಸವೇ ಸುತ್ತಲಿನ ನೀರು ಹೀರುವುದು. ಮಷಿನ್ನಿನಿಂದಲೂ ಹೀರುತ್ತದೆ, ಸೆಲ್ಲಿನಿಂದಲೂ ಹೀರುತ್ತದೆ. ಹಗಲೆಲ್ಲ ಒಣ ಗಾಳಿ, ರಾತ್ರಿಯೆಲ್ಲ ಸಿಲಿಕಾ, ಪಾಪ ಸೆಲ್ ಎಲ್ಲಿಂದ ಬಾಳೀತು? ಸೆಲ್ ತೆಗೆದು ಬೇರೆ ಇಡಿ. ಬೇಸಿಗೆಯಲ್ಲಿ ನಿಮ್ಮ ಕಡೆ ಮಷಿನ್ನನ್ನೂ ದಿನಾ ಸಿಲಿಕಾದಲ್ಲಿ ಇಡಬೇಕಿಲ್ಲ ಅನ್ನುವುದು ನನ್ನ ಅಭಿಪ್ರಾಯ. ಬೆವರಿದ ದಿನ ಇಡಿ, ಸಾಕು. ಆಗಸ್ಟ್ ಸೆಪ್ಟೆಂಬರಿನಲ್ಲಿ ಮಳೆ ಬಂದಾಗ ಮತ್ತೆ ದಿನಾ.

ಎರಡನೆಯದು ಸ್ಟಿಕ್ಕರ್. ಸ್ಟಿಕ್ಕರ್ ಕಿತ್ತ ಗಳಿಗೆಯಿಂದ ಸೆಲ್ ಉಸಿರು ಶುರು ಮಾಡುತ್ತದೆ. ಮಷಿನ್ನಿಗೆ ಹಾಕಿದರೂ ಅಷ್ಟೇ, ಮೇಜಿನ ಮೇಲೆ ಸುಮ್ನೆ ಇಟ್ಟರೂ ಅಷ್ಟೇ. ಮತ್ತೆ ಸ್ಟಿಕ್ಕರ್ ಅಂಟಿಸಿದರೂ ಮೊದಲಿನ ಹಾಗೆ ಆಗುವುದಿಲ್ಲ. ಆರೂ ಒಮ್ಮೆಲೇ ಕಿತ್ತರೆ ಆರನೆಯ ಸೆಲ್ಲಿನ ಸರದಿ ಬರುವಷ್ಟರಲ್ಲಿ ಅದು ಒಣಗಿ ಹೋಗಿರುತ್ತದೆ. ಮೊಮ್ಮಗನಿಗೆ ಒಂದೇ ಕೀಳಲು ಹೇಳಿ. ಕಿತ್ತ ತಕ್ಷಣ ಮಷಿನ್ನಿಗೆ ಹಾಕಬೇಡಿ, ತೂತು ಇರುವ ಬದಿ ಮೇಲೆ ಮಾಡಿ ಮೂರರಿಂದ ಐದು ನಿಮಿಷ ಹೊರಗೆ ಇಡಿ. ಗಾಳಿ ತುಂಬಿಕೊಳ್ಳಲಿ. ಸೆಲ್ 1.4 ವೋಲ್ಟ್ ತನಕ ಬರಲು ಅಷ್ಟು ಹೊತ್ತು ಬೇಕು. ಕಿತ್ತ ಕೂಡಲೇ ಬಾಗಿಲು ಮುಚ್ಚಿದರೆ "ಹೊಸ ಸೆಲ್ಲೇ ಸತ್ತದ್ದು ಬಂತು" ಅಂತ ಅನ್ನಿಸುತ್ತದೆ. ಹಾಗೆ ಬಿಸಾಡಿದ ಒಳ್ಳೆ ಸೆಲ್ಲುಗಳನ್ನು ನಾನು ಎಷ್ಟೋ ನೋಡಿದ್ದೇನೆ. ನಿಮಗೇ ಕೀಳಬೇಕಾದರೆ ಉಗುರಿನ ಬದಲು ಸ್ಟಿಕ್ಕರಿನ ಉದ್ದ ಬಾಲ ಇರುವ ಪಟ್ಟಿ ಕೇಳಿ ನೋಡಿ, ಕೆಲವು ಪಟ್ಟಿಗಳಲ್ಲಿ ಬಾಲ ಉದ್ದ ಇರುತ್ತದೆ, ಹಿಡಿಯಲು ಹಗುರ.

ಫ್ರಿಜ್ ಬೇಡ. ತಣ್ಣಗಿನ ಪಟ್ಟಿಯನ್ನು ಮೇ ತಿಂಗಳ ಧಗೆಗೆ ತೆಗೆದರೆ ಅದರ ಮೇಲೆ ನೀರು ಕೂರುತ್ತದೆ, ತಣ್ಣನೆ ಲೋಟದ ಹೊರಗೆ ಹನಿ ಕೂರುತ್ತದಲ್ಲ ಹಾಗೆ. ಬಿಸಿಲು ತಾಗದ ಒಳಕೋಣೆಯ ಕಪಾಟು ಸಾಕು. ತಗಡಿನ ಮಾಳಿಗೆಯ ಕೆಳಗಿನ ಅಟ್ಟ, ಕಾರಿನ ಡ್ಯಾಶ್‌ಬೋರ್ಡ್, ಒಲೆಯ ಹತ್ತಿರದ ಮಾಡು, ಇವು ಮೂರೂ ಬೇಡ. ಪಟ್ಟಿಯ ಹಿಂದೆ ತಿಂಗಳು ಮತ್ತು ವರ್ಷ ಮುದ್ರಿಸಿರುತ್ತಾರೆ, ಕೊಳ್ಳುವಾಗ ಅದನ್ನು ಓದಿ. ಹತ್ತು ಪಟ್ಟಿ ಅಗ್ಗಕ್ಕೆ ಕೊಡುತ್ತೇನೆ ಅಂದಾಗ ಇನ್ನೊಮ್ಮೆ ಓದಿ.

ಮಹಾಲಿಂಗಪುರದ ಹತ್ತಿರದ ಹಳ್ಳಿಯಿಂದ, ಬೆಲ್ಲದ ಗಾಣದಲ್ಲಿ ದುಡಿಯುವವರು: ನನಗೆ ನಲವತ್ತಾರು. ಗಾಣದಲ್ಲಿ ಕೊಪ್ಪರಿಗೆ ಮುಂದೆ ನಿಲ್ಲುವ ಕೆಲಸ. ಮುಂಜಾನೆ ಮಷಿನ್ ಚಲೋ ಕೇಳಿಸುತ್ತದೆ. ಹತ್ತು ಗಂಟೆ ಆದಮೇಲೆ ದನಿ ಬರುತ್ತದೆ, ಹೋಗುತ್ತದೆ. ಸೆಲ್ ಬದಲಿಸಿದರೂ ಹಾಗೇ. ಸಂಜೆ ಮನೆಗೆ ಹೋಗಿ ಫ್ಯಾನ್ ಕೆಳಗೆ ಕೂತರೆ ಮತ್ತೆ ಸರಿಯಾಗುತ್ತದೆ. ಅಂಗಡಿಯವರು ಮಷಿನ್ ಹೋಗಿದೆ, ಹೊಸದು ತಗೋ ಅಂದರು.

ಹೊಸದು ಕೊಳ್ಳಬೇಡಿ. ಸಂಜೆ ತಾನಾಗೇ ಸರಿಯಾಗುತ್ತದೆ ಅಂದ ಒಂದೇ ಸಾಲಿನಲ್ಲಿ ಉತ್ತರ ನೀವೇ ಕೊಟ್ಟಿದ್ದೀರಿ. ನಿಮ್ಮ ತೊಂದರೆ ಸೆಲ್ ಅಲ್ಲ, ಟ್ಯೂಬು.

ಕಿವಿಯೊಳಗೆ ಕೂರುವ ಅಚ್ಚಿಗೂ ಹಿಂದಿನ ಮಷಿನ್ನಿಗೂ ನಡುವೆ ತೆಳ್ಳನೆ ಪ್ಲಾಸ್ಟಿಕ್ ಟ್ಯೂಬ್ ಇದೆಯಲ್ಲ, ದನಿ ಹೋಗುವ ದಾರಿ ಅದೇ. ಕಿವಿಯೊಳಗಿನ ಗಾಳಿ ಬೆಚ್ಚಗೆ, ಹಸಿ. ಅದು ಟ್ಯೂಬಿನಲ್ಲಿ ತಣ್ಣಗಾಗಿ ಹನಿಯಾಗುತ್ತದೆ. ಕೊಪ್ಪರಿಗೆಯ ಹಬೆ ಮತ್ತು ಬೆವರು ಸೇರಿದರೆ ಕೇಳಲೇ ಬೇಡಿ. ನಾಳೆ ದನಿ ಹೋದಾಗ ಮಷಿನ್ ತೆಗೆದು ಬೆಳಕಿಗೆ ಹಿಡಿದು ಟ್ಯೂಬ್ ನೋಡಿ. ನೆನೆಸಿದ ಸಾಬುದಾನಿ ಕಾಳಿನಷ್ಟು ಒಂದು ಹನಿ ಬಗ್ಗಿದ ಕಡೆ ಕೂತಿರುತ್ತದೆ. ಅಷ್ಟೇ ಸಾಕು, ದನಿ ಪೂರ್ತಿ ಬಂದ್.

ಬಾಯಿಂದ ಊದಬೇಡಿ. ಎಲ್ಲರೂ ಮಾಡುವುದು ಅದನ್ನೇ. ನಮ್ಮ ಬಾಯಿಯ ಗಾಳಿಯಲ್ಲೇ ತೇವ ಇದೆ, ಒಂದು ಹನಿ ತೆಗೆಯಲು ಹೋಗಿ ಇನ್ನಷ್ಟು ಹಸಿ ಮಾಡುತ್ತೇವೆ. ಅಚ್ಚು ಮತ್ತು ಟ್ಯೂಬನ್ನು ಮಷಿನ್ನಿನಿಂದ ಬೇರೆ ಮಾಡಿ, ರಬ್ಬರಿನ ಸಣ್ಣ ಗಾಳಿ ಬುರುಡೆಯಿಂದ ಮೂರ್ನಾಲ್ಕು ಸಲ ಒತ್ತಿ ಊದಿ. ಆಡಿಯಾಲಜಿಸ್ಟ್ ಹತ್ತಿರ ಅದು ಸಿಗುತ್ತದೆ, ದೊಡ್ಡ ಬೆಲೆಯದ್ದಲ್ಲ. ಮಷಿನ್ನಿಗೇ ಜೋಡಿಸಿಟ್ಟು ಊದಬೇಡಿ, ಹನಿ ಒಳಗೆ ಹೋಗುತ್ತದೆ. ಬಿಡಿಸಲು ಬರದಿದ್ದರೆ ಒಮ್ಮೆ ತೋರಿಸಿಕೊಳ್ಳಿ, ಕೈಗೆ ರೂಢಿಯಾಗುತ್ತದೆ. ವಾರಕ್ಕೊಮ್ಮೆ ಅಚ್ಚನ್ನು ಮಾತ್ರ ಉಗುರು ಬೆಚ್ಚಗಿನ ಸೋಪಿನ ನೀರಿನಲ್ಲಿ ತೊಳೆದು, ಊದಿ, ರಾತ್ರಿಯೆಲ್ಲ ಆರಲು ಬಿಡಿ. ಮಷಿನ್ನಿಗೆ ನೀರು ತಾಗಬಾರದು. ಟ್ಯೂಬ್ ಹಳದಿಯಾಗಿ ಗಟ್ಟಿಯಾಗಿದ್ದರೆ ಬದಲಿಸಿ, ಹೊಸ ಟ್ಯೂಬು ಮೆತ್ತಗಿರುತ್ತದೆ.

ಬೆವರಿನ ಬಗ್ಗೆ ಇನ್ನೊಂದು. ಮಳೆ ನೀರಿಗಿಂತ ಬೆವರು ಕೆಟ್ಟದ್ದು, ಅದರಲ್ಲಿ ಉಪ್ಪಿದೆ. ನೀರು ಆರಿದರೂ ಉಪ್ಪು ತಗಡಿನ ಮೇಲೆ ಉಳಿಯುತ್ತದೆ, ಮತ್ತೆ ತೇವ ಎಳೆಯುತ್ತದೆ. ತಲೆಗೆ ಹತ್ತಿ ರುಮಾಲು ಕಟ್ಟಿದರೆ ಹಣೆಯ ಬೆವರು ಕಿವಿ ಹಿಂದೆ ಇಳಿಯುವುದು ನಿಲ್ಲುತ್ತದೆ. ಮಷಿನ್ನಿಗೆ ಹಾಕುವ ಬಟ್ಟೆಯ ತೆಳು ಗವಸು ಸಿಗುತ್ತದೆ, ನಿಮ್ಮಂಥ ಕೆಲಸದವರಿಗೆ ಅದು ಬೇಕೇ ಬೇಕು. ಪ್ಲಾಸ್ಟಿಕ್ ಸುತ್ತಬೇಡಿ. ಸುತ್ತಿದರೆ ಸೆಲ್ಲಿಗೆ ಗಾಳಿ ಸಿಗದೆ ಮಷಿನ್ ನಿಲ್ಲುತ್ತದೆ. ಮಧ್ಯಾಹ್ನ ಊಟಕ್ಕೆ ಕೂತಾಗ ಮಷಿನ್ ತೆಗೆದು, ಒರೆಸಿ, ಬಾಗಿಲು ತೆರೆದು ನೆರಳಿನಲ್ಲಿ ಇಡಿ. ಬಿಸಿಲಿಗೆ ಬೇಡ, ಒಲೆ ಕಡೆಗಂತೂ ಬೇಡ.

ಬೆಳಗಾವಿಯಿಂದ ಕಾಲೇಜು ವಿದ್ಯಾರ್ಥಿನಿ: ಮೇಡಂ, ನನ್ನದು ಚಾರ್ಜ್ ಮಾಡುವ ಮಷಿನ್. ಐಪಿ 68 ಇದೆ, ನೀರಿಗೆ ಏನೂ ಆಗಲ್ಲ ಅಂದಿದ್ದರು. ಸ್ಕೂಟಿಯಲ್ಲಿ ಬರುವಾಗ ಮಳೆಗೆ ಸಿಕ್ಕೆ. ಮನೆಗೆ ಬಂದು ಚಾರ್ಜಿಗೆ ಇಟ್ಟೆ. ಈಗ ಒಂದು ಕಿವಿಯದ್ದು ಚಾರ್ಜೇ ಆಗುತ್ತಿಲ್ಲ.

ಐಪಿ 68 ಅಂದರೆ ಎರಡು ಅಂಕಿ. 6 ಅಂದರೆ ಧೂಳು ಒಳಗೆ ಹೋಗುವುದಿಲ್ಲ. 8 ಅಂದರೆ ನೀರಿನಲ್ಲಿ ಮುಳುಗಿಸಿಟ್ಟ ಪರೀಕ್ಷೆ ಪಾಸು. ಆದರೆ ಆ ಪರೀಕ್ಷೆ ಮಾಡುವುದು ಹೊಸ ಮಷಿನ್ನಿಗೆ, ಶುದ್ಧ ನೀರಿನಲ್ಲಿ. ಎರಡು ವರ್ಷ ಬೆವರು, ಶಾಂಪೂ, ಎಣ್ಣೆ ಕಂಡ ಮಷಿನ್ನಿನ ಅಂಚುಗಳು ಹಾಗೇ ಬಿಗಿಯಾಗಿ ಇರುತ್ತವೆ ಅಂತ ಆ ಅಂಕಿ ಹೇಳುವುದಿಲ್ಲ. ನೀರಿಗೆ ಏನೂ ಆಗಲ್ಲ ಅಂತ ಹೇಳಿ ಮಾರುವುದು ನನಗೆ ಸ್ವಲ್ಪವೂ ಸರಿ ಕಾಣುವುದಿಲ್ಲ. ಹಾಗೆ ಕೇಳಿಸಿಕೊಂಡವರು ಜಳಕಕ್ಕೂ ಹಾಕಿಕೊಂಡು ಹೋಗುತ್ತಾರೆ.

ಒದ್ದೆ ಇದ್ದಾಗ ಚಾರ್ಜಿಗೆ ಇಟ್ಟದ್ದೇ ತೊಂದರೆ ಇರಬಹುದು. ಚಾರ್ಜರಿನಲ್ಲೂ ಮಷಿನ್ನಿನಲ್ಲೂ ಚಿನ್ನದ ಬಣ್ಣದ ಚುಕ್ಕೆಗಳು ಇದ್ದರೆ ಒಣ ಬಟ್ಟೆಯಿಂದ ಒರೆಸು, ಒಂದು ರಾತ್ರಿ ಸಿಲಿಕಾ ಡಬ್ಬಿಯಲ್ಲಿ ಇಡು. ನಿನ್ನದರಲ್ಲಿ ಇರುವುದು ಲಿಥಿಯಂ ಸೆಲ್, ಗಾಳಿ ಬೇಕಿಲ್ಲದ ಮುಚ್ಚಿದ ಸೆಲ್, ಹಾಗಾಗಿ ಅದು ಮಷಿನ್ ಒಳಗೇ ಇದ್ದರೂ ಡಬ್ಬಿಯಲ್ಲಿ ಇಡಬಹುದು. ಬೆಳಿಗ್ಗೆ ಮತ್ತೆ ಚಾರ್ಜಿಗೆ ಹಾಕಿ ನೋಡು. ಆಗದಿದ್ದರೆ ಸರ್ವೀಸಿಗೆ ಕೊಡು, ಬಿಚ್ಚಲು ಹೋಗಬೇಡ. ಹೇರ್ ಡ್ರೈಯರ್ ಬೇಡ, ಆ ಬಿಸಿಗೆ ಒಳಗಿನ ಅಂಟು ಬಿಡುತ್ತದೆ, ಲಿಥಿಯಂ ಸೆಲ್ಲಿಗೆ ಬಿಸಿ ಅಪಾಯವೂ ಹೌದು.

ಮುಂದಿನ ಸಲ ಜೋರು ಮಳೆ ಬಂದರೆ ಗಾಡಿ ಪಕ್ಕಕ್ಕೆ ನಿಲ್ಲಿಸು. ಮಷಿನ್ ತೆಗೆದು ಡಬ್ಬಿಗೆ ಹಾಕು. ಮಳೆ ಕಡಿಮೆಯಾದ ಮೇಲೆ ಹಾಕಿಕೊಂಡೇ ಹೊರಡು, ಹಾರ್ನ್ ಕೇಳಿಸದೆ ಗಾಡಿ ಓಡಿಸಬೇಡ.

ಗೋಕಾಕಿನಿಂದ ಒಬ್ಬ ತಾಯಿ: ಮಗನಿಗೆ ಮೂರು ವರ್ಷ, ಎರಡೂ ಕಿವಿಗೆ ಮಷಿನ್. ನಿನ್ನೆ ಬಾಗಿಲು ತಾನೇ ತೆರೆದು ಸೆಲ್ ಬಾಯಿಗೆ ಹಾಕಿಕೊಂಡಿದ್ದ. ನಾನು ನೋಡಿ ತೆಗೆದೆ. ನುಂಗಿದ್ದರೆ ಏನಾಗುತ್ತಿತ್ತು?

ನೀವು ನೋಡಿದ್ದು ದೊಡ್ಡದು. ನುಂಗಿದ ಸೆಲ್ ಅನ್ನನಾಳದಲ್ಲಿ ಸಿಕ್ಕಿಕೊಂಡರೆ ಕೆಲವೇ ಗಂಟೆಗಳಲ್ಲಿ ಒಳಗೆ ಸುಡುತ್ತದೆ. ಮೂಗಿನಲ್ಲಿ, ಕಿವಿಯಲ್ಲಿ ಸಿಕ್ಕಿಕೊಂಡರೂ ಹಾಗೇ. ಅಂಥದ್ದು ಆದರೆ ವಾಂತಿ ಮಾಡಿಸಬೇಡಿ, ಬಾಳೆಹಣ್ಣು ತಿನ್ನಿಸಿ ನಾಳೆ ನೋಡೋಣ ಅನ್ನಬೇಡಿ, ಮೂಗು ಕಿವಿಗೆ ಎಣ್ಣೆ ಅಥವಾ ಡ್ರಾಪ್ಸ್ ಹಾಕಬೇಡಿ. ಹೊತ್ತು ಯಾವುದೇ ಇರಲಿ, ಎಕ್ಸ್‌ರೇ ಇರುವ ಆಸ್ಪತ್ರೆಗೆ ಆ ಕ್ಷಣ ಹೊರಡಿ. ಸೆಲ್ಲಿನ ಪಟ್ಟಿ ಜೊತೆಗೆ ಒಯ್ಯಿರಿ, ಡಾಕ್ಟರಿಗೆ ಯಾವ ಅಳತೆ ಅಂತ ಗೊತ್ತಾಗಬೇಕು. ಮಗ ನುಂಗಿದನೋ ಇಲ್ಲವೋ ಅಂತ ಅನುಮಾನ ಇದ್ದರೂ ಹೊರಡಿ.

ಮಕ್ಕಳ ಮಷಿನ್ನಿಗೆ ಬೀಗದ ಬಾಗಿಲು ಬರುತ್ತದೆ, ಸಣ್ಣ ಸಾಧನ ತೂರಿಸದೆ ತೆರೆಯುವುದಿಲ್ಲ. ನಿಮ್ಮ ಆಡಿಯಾಲಜಿಸ್ಟ್ ಹತ್ತಿರ ಈ ವಾರವೇ ಕೇಳಿ ಹಾಕಿಸಿ.

ಇದನ್ನು ಓದುತ್ತಿರುವ ಹಿರಿಯರಿಗೂ ಒಂದು ಮಾತು. ಬಿಪಿ ಗುಳಿಗೆಯ ಡಬ್ಬಿಯಲ್ಲಿ ಸೆಲ್ ಇಡಬೇಡಿ. ರಾತ್ರಿ ಮಂದ ಬೆಳಕಿನಲ್ಲಿ ಗುಳಿಗೆ ಅಂತ ಸೆಲ್ ನುಂಗಿದವರಿದ್ದಾರೆ. ಅಂಗಿ ಕಿಸೆಯಲ್ಲಿ ಚಿಲ್ಲರೆ, ಕೀಲಿ ಜೊತೆಗೂ ಬೇಡ, ಶಾರ್ಟ್ ಆಗಿ ಬಿಸಿಯಾಗುತ್ತದೆ.

ಜಮಖಂಡಿಯಿಂದ: ನೀಲಿ ಸ್ಟಿಕ್ಕರಿನ ಸೆಲ್ ನಮ್ಮಲ್ಲಿ ಸಿಗುವುದಿಲ್ಲ. ವಾಚ್ ಅಂಗಡಿಯವರು ಅದೇ ಅಳತೆಯ ವಾಚ್ ಸೆಲ್ ಕೊಟ್ಟರು, ಬರೋಬ್ಬರಿ ಕೂತಿತು, ಕೇಳಿಸಿತು ಕೂಡ. ಆದರೆ ಜೋರು ಮಾತಾಡಿದರೆ ದನಿ ಒಡೆಯುತ್ತದೆ. ಹಾಕಬಹುದಾ?

ಕೂರುತ್ತದೆ, ನಿಜ. ನೀಲಿ ಅಂದರೆ 675 ನಂಬರಿನ ಅಳತೆ. ಅದಕ್ಕೂ ಎಲ್‌ಆರ್ 44 ಎಂಬ ವಾಚ್ ಸೆಲ್ಲಿಗೂ ಅಗಲ 11.6 ಮಿಲಿಮೀಟರ್, ದಪ್ಪ 5.4, ಎರಡೂ ಒಂದೇ. ಆದರೆ ಒಳಗಿನ ಸರಕು ಬೇರೆ. ವಾಚಿಗೆ ಬೇಕಾದದ್ದು ಹನಿ ಹನಿ ಕರೆಂಟ್. ನೀಲಿ ಸೆಲ್ ಹಾಕುವ ಮಷಿನ್ ಜೋರು ಮಷಿನ್, ಕಿವಿ ಬಹಳ ಮಂದ ಇರುವವರಿಗೆ ಕೊಡುವಂಥದ್ದು. ಜೋರು ದನಿ ಬಂದಾಗ ಅದು ಒಮ್ಮೆಲೇ ಜಾಸ್ತಿ ಕೇಳುತ್ತದೆ, ವಾಚ್ ಸೆಲ್ಲಿಗೆ ಕೊಡಲು ಆಗುವುದಿಲ್ಲ, ದನಿ ಒಡೆಯುತ್ತದೆ. ಬೇಗ ಮುಗಿಯುತ್ತದೆ ಕೂಡ. ಬೇಡ. ಬೆಳಗಾವಿಗೋ ಬಾಗಲಕೋಟೆಗೋ ಬಂದಾಗ ಎರಡು-ಮೂರು ಪಟ್ಟಿ ಒಯ್ಯಿರಿ, ಸ್ಟಿಕ್ಕರ್ ಇದ್ದರೆ ಬೇಗ ಕೆಡುವುದಿಲ್ಲ.

ಬಣ್ಣ ಹೇಗೂ ಬಂತು, ಬರೆದಿಟ್ಟುಕೊಳ್ಳಿ: ಹಳದಿ 10, ಕಂದು 312, ಕಿತ್ತಳೆ 13, ನೀಲಿ 675. ಕಂದು ಮತ್ತು ಕಿತ್ತಳೆಯ ಅಗಲ ಒಂದೇ, 7.9 ಮಿಲಿಮೀಟರ್. ದಪ್ಪ ಮಾತ್ರ ಬೇರೆ. ಅಂಗಡಿಯಲ್ಲಿ ಅದಲು ಬದಲಾಗುವುದು ಇಲ್ಲೇ. ಸಾಮಾನ್ಯವಾಗಿ ಹಳದಿ ಮೂರರಿಂದ ಏಳು ದಿನ, ಕಂದು ಮೂರರಿಂದ ಹತ್ತು, ಕಿತ್ತಳೆ ಆರರಿಂದ ಹದಿನಾಲ್ಕು, ನೀಲಿ ಒಂಬತ್ತರಿಂದ ಇಪ್ಪತ್ತು ದಿನ ಬರುತ್ತದೆ. ಮಷಿನ್ನಿನಲ್ಲೇ ಫೋನ್ ಮಾತಾಡುವುದು, ಹಾಡು ಕೇಳುವುದು ಮಾಡಿದರೆ ಕಡಿಮೆ. ಇನ್ನು ಈ ಸೆಲ್ ಬ್ಯಾಟರಿ ದೀಪದ ಹಾಗೆ ನಿಧಾನ ಮಂಕಾಗುವುದಿಲ್ಲ, ಕೊನೆಯ ತನಕ ಚೆನ್ನಾಗಿ ನಡೆದು ಒಮ್ಮೆಲೇ ನಿಲ್ಲುತ್ತದೆ. ಮದುವೆಗೆ, ಜಾತ್ರೆಗೆ ಹೊರಟಾಗ ಒಂದು ಸೆಲ್ ಕಿಸೆಯಲ್ಲಿರಲಿ, ಸ್ಟಿಕ್ಕರ್ ಸಮೇತ, ಪಟ್ಟಿಯಲ್ಲೇ.

ಬಾದಾಮಿ ತಾಲ್ಲೂಕಿನಿಂದ: ನಮ್ಮ ಅಪ್ಪನಿಗೆ ಕ್ಯಾಂಪಿನಲ್ಲಿ ಪುಕ್ಕಟೆ ಮಷಿನ್ ಕೊಟ್ಟಿದ್ದರು, ಕಿಸೆಯಲ್ಲಿ ಇಡುವಂಥದ್ದು, ಪೆನ್ಸಿಲ್ ಸೆಲ್ಲಿನದ್ದು. ಒಂದು ಸಲ ನಿಂತಿತು ಅಂತ ಟ್ರಂಕಿನಲ್ಲಿ ಇಟ್ಟು ಎರಡು ವರ್ಷವಾಯಿತು. ಮೊನ್ನೆ ತೆಗೆದರೆ ಸೆಲ್ ಒಡೆದು ಒಳಗೆಲ್ಲ ಅಂಟು. ಬಿಸಾಡುವುದಾ?

ಬಿಸಾಡಬೇಡಿ, ಮೊದಲು ತೋರಿಸಿ. ಪೆನ್ಸಿಲ್ ಸೆಲ್ ಗಾಳಿ ಬೇಕಿಲ್ಲದ ಸೆಲ್. ಅದಕ್ಕೆ ಆಗದ್ದು ಏನಂದರೆ ಮುಗಿದ ಮೇಲೂ ಒಳಗೇ ಬಿಡುವುದು. ಮುಗಿದ ಸೆಲ್ ಒಳಗೆ ಅನಿಲ ಕಟ್ಟಿ ಸೋರುತ್ತದೆ. ಇದು ನನ್ನ ಮನೆಯಲ್ಲೇ ಆಗಿದೆ. ಅವ್ವನ ಹಳೆ ಮಷಿನ್ ಹಾಗೇ ಇಟ್ಟು ಊರಿಗೆ ಹೋಗಿದ್ದೆವು, ಬಂದು ನೋಡಿದಾಗ ಸ್ಪ್ರಿಂಗೇ ಕರಗಿತ್ತು. ಊರಿಗೆ ಹೊರಡುವ ಮುಂಚೆ ಸೆಲ್ ತೆಗೆಯಬೇಕು ಅಂತ ಎಲ್ಲರಿಗೂ ಹೇಳುವ ನಾನೇ ಅಂದು ಮರೆತಿದ್ದೆ. ಸ್ಪ್ರಿಂಗ್ ಹಾಳಾದರೆ ಬದಲಿಸಬಹುದು. ಸೋರಿದ ಅಂಟು ಒಳಗಿನ ಸರ್ಕ್ಯೂಟ್ ಹಲಗೆಗೆ ಇಳಿದಿದ್ದರೆ ಮಾತ್ರ ಕಷ್ಟ.

ದುರಸ್ತಿ ಆಗದಿದ್ದರೂ ದಾರಿ ಇದೆ. ಅಂಗವಿಕಲರಿಗೆ ಸಾಧನ ಕೊಡಿಸುವ ಕೇಂದ್ರ ಸರ್ಕಾರದ ಅಡಿಪ್ ಯೋಜನೆ 1981ರಿಂದ ಇದೆ. ಆದಾಯ ಕಡಿಮೆ ಇರುವವರಿಗೆ ಅದರಲ್ಲಿ ಮಷಿನ್ ಸಿಗುತ್ತದೆ, ಈಗ ಕಿವಿ ಹಿಂದೆ ಹಾಕುವ ಡಿಜಿಟಲ್ ಮಷಿನ್ನುಗಳನ್ನೂ ಕೊಡುತ್ತಾರೆ. ಜಿಲ್ಲಾ ಅಂಗವಿಕಲರ ಕಲ್ಯಾಣ ಅಧಿಕಾರಿ ಕಚೇರಿಯಲ್ಲಿ ವಿಚಾರಿಸಿ. ದೊಡ್ಡ ಪರೀಕ್ಷೆ ಬೇಕಾದರೆ ಮೈಸೂರಿನಲ್ಲಿ 1965ರಲ್ಲಿ ಶುರುವಾದ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆ ಇದೆ.

ಸೋರಿದ ಸೆಲ್ಲನ್ನು ಬರಿಗೈಯಲ್ಲಿ ಮುಟ್ಟಬೇಡಿ, ಕಾಗದದಲ್ಲಿ ಹಿಡಿದು ತೆಗೆಯಿರಿ. ತಿಪ್ಪೆಗೆ ಎಸೆಯಬೇಡಿ, ಒಲೆಗೆ ಹಾಕಬೇಡಿ. ಒಂದು ಪ್ಲಾಸ್ಟಿಕ್ ಡಬ್ಬಿಯಲ್ಲಿ ಕೂಡಿಟ್ಟು ಮಷಿನ್ ತೋರಿಸಲು ಬಂದಾಗ ತನ್ನಿ, ಬ್ಯಾಟರಿ ಕಸ ತೆಗೆದುಕೊಳ್ಳುವವರಿಗೆ ನಾವು ಸೇರಿಸಿ ಕೊಡುತ್ತೇವೆ.

ಮತ್ತೆ, ಬರೀ ಮಷಿನ್ ತರಬೇಡಿ, ಅಪ್ಪನನ್ನೂ ಕರೆದುಕೊಂಡು ಬನ್ನಿ. ಎರಡು ವರ್ಷದಲ್ಲಿ ಕಿವಿ ಬದಲಾಗಿರುತ್ತದೆ, ಹೊಸದಾಗಿ ಪರೀಕ್ಷೆ ಮಾಡಬೇಕು. ಬೆಳಿಗ್ಗೆ ಬಸ್ಸಿಗೆ ಹೊರಟರೆ ಮಧ್ಯಾಹ್ನದೊಳಗೆ ಆಗುತ್ತದೆ.